ಡೇಟಾಬೇಸ್ ಸಂಪರ್ಕದ ದೋಷ: ಪಾಸ್‌ವರ್ಡ್ ಬದಲಾಯಿಸುವ ಮೊದಲು ಸಂಖ್ಯೆಯನ್ನು ಓದಿ

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹಾಕಲು ಹೊರಟವರಲ್ಲಿ ಬಹುತೇಕ ಎಲ್ಲರೂ ಒಮ್ಮೆಯಾದರೂ ನೋಡಿರುವ ಪುಟವೊಂದಿದೆ. ಬಿಳಿಯ ಹಿನ್ನೆಲೆಯ ಮೇಲೆ ದಪ್ಪಕ್ಷರಗಳಲ್ಲಿ ‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’ ಎಂಬ ಒಂದೇ ಸಾಲು. ಸಂಪರ್ಕ ಏರ್ಪಡಲಿಲ್ಲ ಎಂಬುದನ್ನು ಬಿಟ್ಟರೆ ಆ ಸಾಲು ಹೆಚ್ಚಿನದೇನನ್ನೂ ತಿಳಿಸುವುದಿಲ್ಲ. ಪರಿಚಿತರ ಕೆಲವು ಜಾಲತಾಣಗಳನ್ನು ನಾನು ನೋಡಿಕೊಳ್ಳುವುದರಿಂದ ಈ ಪುಟದ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್‌ನಲ್ಲಿ ಆಗಾಗ ನನಗೆ ಬರುತ್ತದೆ. ಅದರ ಕೆಳಗೆ ಬರೆದಿರುವ ಮಾತೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಪಾಸ್‌ವರ್ಡ್ ಎರಡು ಸಲ ಬದಲಾಯಿಸಿ ನೋಡಿದೆ ಸರ್, ಆದರೂ ಆಗ್ತಿಲ್ಲ.’

ಈ ಮಾತಿನಲ್ಲೇ ತೊಡಕಿದೆ ಎಂಬುದು ನನ್ನ ಅಭಿಪ್ರಾಯ. ಸಂಪರ್ಕ ತಪ್ಪಿದ ಕೂಡಲೇ ಪಾಸ್‌ವರ್ಡಿನ ಮೇಲೆ ಅನುಮಾನ ಬೀಳುವುದು ಸಹಜ, ಏಕೆಂದರೆ ಅನುಸ್ಥಾಪನೆಯ ವೇಳೆ ನಾವು ಕೈಯಾರೆ ತುಂಬುವ ವಿವರಗಳಲ್ಲಿ ಅತ್ಯಂತ ತೊಡಕಿನದು ಅದೇ. ಆದರೆ ಡೇಟಾಬೇಸ್ ಸರ್ವರ್ ಚಾಲನೆಯಲ್ಲೇ ಇಲ್ಲದಿರುವಾಗ ಪಾಸ್‌ವರ್ಡನ್ನು ಎಷ್ಟು ಬಾರಿ ಬದಲಾಯಿಸಿದರೂ ಆ ಪುಟ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಮೊದಲು ಸರಿಯಾಗಿದ್ದ ಪಾಸ್‌ವರ್ಡನ್ನು ಹೀಗೆ ಕೆಡಿಸಿಕೊಂಡವರಿಗೆ ನಿಜವಾದ ದೋಷ ನಿವಾರಣೆಯಾದ ಮೇಲೂ ಅದೇ ಪುಟ ಕಾಣಿಸುತ್ತದೆ. ಆಗ ಒಂದರ ಜಾಗದಲ್ಲಿ ಎರಡು ದೋಷಗಳು ಸೇರಿಕೊಂಡಿರುತ್ತವೆ.

ಒಳಗೆ ನಡೆಯುವುದೇನೆಂದು ಮೊದಲು ನೋಡೋಣ. ವರ್ಡ್‌ಪ್ರೆಸ್ ಪಿಎಚ್‌ಪಿ ಭಾಷೆಯಲ್ಲಿ ಬರೆದ ತಂತ್ರಾಂಶ. ಲೇಖನಗಳು, ಪ್ರತಿಕ್ರಿಯೆಗಳು, ಬಳಕೆದಾರರ ಖಾತೆಗಳು ಎಲ್ಲವನ್ನೂ ಅದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರಿನಲ್ಲಿ ಅಥವಾ ಅದರಿಂದ 2009ರಲ್ಲಿ ಕವಲೊಡೆದ ಮರಿಯಾಡಿಬಿಯಲ್ಲಿ ಇಡುತ್ತದೆ. ಆ ಸರ್ವರನ್ನು ತಲುಪಲು ಬೇಕಾದ ನಾಲ್ಕು ವಿವರಗಳು, ಅಂದರೆ ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್ ಮತ್ತು ಹೋಸ್ಟ್ (ಸರ್ವರ್ ಇರುವ ಯಂತ್ರದ ಹೆಸರು ಅಥವಾ ವಿಳಾಸ), ಡಬ್ಲ್ಯೂಪಿ-ಕಾನ್ಫಿಗ್ ಎಂಬ ಕಡತದಲ್ಲಿ ಇರುತ್ತವೆ. ಪುಟವೊಂದನ್ನು ಕೇಳಿದಾಗ ಪಿಎಚ್‌ಪಿ ಮೊದಲು ಆ ಹೋಸ್ಟಿನಲ್ಲಿ ಸರ್ವರ್ ಇದೆಯೇ ಎಂದು ತಟ್ಟಿ ನೋಡುತ್ತದೆ, ಬಳಿಕ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತದೆ, ಕೊನೆಗೆ ನಿರ್ದಿಷ್ಟ ಡೇಟಾಬೇಸನ್ನು ತೆರೆಯುತ್ತದೆ. ನಗರದ ಅಪಾರ್ಟ್‌ಮೆಂಟಿಗೆ ನೆಂಟರ ಮನೆ ಹುಡುಕಿಕೊಂಡು ಹೋದವರಿಗೆ ಗೇಟೇ ಸಿಗದಿರುವುದು, ಗೇಟು ಸಿಕ್ಕಿಯೂ ಕಾವಲುಗಾರ ಒಳಗೆ ಬಿಡದಿರುವುದು, ಒಳಗೆ ಹೋದ ಮೇಲೆ ಆ ಮನೆಗೆ ಬೀಗ ಹಾಕಿರುವುದು, ಇವು ಮೂರೂ ಬೇರೆಬೇರೆ ತೊಂದರೆಗಳಾದಂತೆ ಇಲ್ಲಿಯೂ ಮೂರು ಹಂತಗಳ ವೈಫಲ್ಯ ಬೇರೆಬೇರೆ. ಮೂರನೆಯದನ್ನು ವರ್ಡ್‌ಪ್ರೆಸ್ ಪ್ರತ್ಯೇಕವಾಗಿಯೇ ತಿಳಿಸುತ್ತದೆ: ಸರ್ವರ್ ಸಿಕ್ಕಿತು, ಹೆಸರು ಮತ್ತು ಪಾಸ್‌ವರ್ಡ್ ಸರಿಯಿವೆ, ಆದರೆ ಇಂಥ ಡೇಟಾಬೇಸನ್ನು ಆರಿಸಲಾಗಲಿಲ್ಲ ಎಂದು. ಮೊದಲ ಎರಡನ್ನು ಮಾತ್ರ ಒಂದೇ ಸಾಲಿನ ಹಿಂದೆ ಮುಚ್ಚಿಡುತ್ತದೆ. ಸರ್ವರಿನ ಒಳವಿವರಗಳು ದಾರಿಹೋಕರಿಗೆ ಕಾಣಬಾರದೆಂಬ ಎಚ್ಚರ ಅದಕ್ಕೆ ಕಾರಣವಾಗಿರುವುದರಿಂದ ನಾನದನ್ನು ಆಕ್ಷೇಪಿಸುವುದಿಲ್ಲ. ಆದರೆ ದುರಸ್ತಿಗೆ ಕೂತವರಿಗೆ ಆ ಒಳವಿವರವೇ ಬೇಕು.

ಅದನ್ನು ಪಡೆಯುವ ಅತ್ಯುತ್ತಮ ದಾರಿ ವರ್ಡ್‌ಪ್ರೆಸ್ಸನ್ನು ಪಕ್ಕಕ್ಕಿಟ್ಟು, ಅದೇ ನಾಲ್ಕು ವಿವರಗಳೊಂದಿಗೆ ನಾವೇ ಡೇಟಾಬೇಸನ್ನು ಕೇಳುವುದು. ಸರ್ವರಿಗೆ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಮೂಲಕ ಹೋಗುವ ಸೌಲಭ್ಯವಿದ್ದರೆ ಮೈಎಸ್‌ಕ್ಯೂಎಲ್ ಕ್ಲೈಂಟನ್ನು, ಅಂದರೆ ಸರ್ವರಿನೊಡನೆ ಮಾತಾಡುವ ತಂತ್ರಾಂಶವನ್ನು ತೆರೆದು, ಹೋಸ್ಟ್ ಮತ್ತು ಬಳಕೆದಾರನ ಹೆಸರನ್ನು ಆಜ್ಞೆಯಲ್ಲಿಯೇ ಕೊಟ್ಟು, ಪಾಸ್‌ವರ್ಡನ್ನು ಅದು ಕೇಳಿದಾಗ ಮಾತ್ರ ಟೈಪ್ ಮಾಡಬೇಕು. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿಯೇ ಬರೆದರೆ ಡಾಲರ್ ಅಥವಾ ಆಶ್ಚರ್ಯಸೂಚಕದಂಥ ಚಿಹ್ನೆಗಳನ್ನು ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ) ತನ್ನ ಅರ್ಥದಲ್ಲಿ ತೆಗೆದುಕೊಂಡು ಹೊಸ ಗೊಂದಲ ಹುಟ್ಟಿಸುತ್ತದೆ. ಮೇಲಾಗಿ ಅದು ಆಜ್ಞೆಗಳ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಟರ್ಮಿನಲ್ ಇಲ್ಲದ ಅಗ್ಗದ ಹೋಸ್ಟಿಂಗ್‌ಗಳಲ್ಲಿ ಸಂಪರ್ಕಕ್ಕೆ ಪ್ರಯತ್ನಿಸಿ ದೋಷದ ಸಂಖ್ಯೆಯನ್ನು ಮುದ್ರಿಸುವ ನಾಲ್ಕೈದು ಸಾಲಿನ ಪಿಎಚ್‌ಪಿ ಕಡತವೊಂದು ಸಾಕು. ಕಾನ್ಫಿಗ್ ಕಡತ ಈಗಾಗಲೇ ತಯಾರಾಗಿದ್ದರೆ ಅದರಲ್ಲಿ ಡಬ್ಲ್ಯೂಪಿ-ಡೀಬಗ್ ಎಂಬ ಹೊಂದಿಕೆಯನ್ನು ತಾತ್ಕಾಲಿಕವಾಗಿ ‘ಟ್ರೂ’ ಮಾಡಿದರೂ ಆಗುತ್ತದೆ. ಆಗ ವರ್ಡ್‌ಪ್ರೆಸ್ ಸಂಪರ್ಕದ ಎಚ್ಚರಿಕೆಯನ್ನು ನುಂಗುವುದಿಲ್ಲ.

ಬ್ರೌಸರಿನಲ್ಲೇ ಡೇಟಾಬೇಸನ್ನು ನೋಡುವ ಸಾಧನವಾದ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಲ್ಲ ಸರಿಯಾಗಿ ತೆರೆಯುತ್ತಿದೆ ಎಂಬುದನ್ನು ಹಲವರು ಸಾಕ್ಷಿಯಾಗಿ ಮುಂದಿಡುತ್ತಾರೆ. ಸಿಪ್ಯಾನೆಲ್‌ನಂಥ ನಿಯಂತ್ರಣ ಫಲಕದ ಮೂಲಕ ತೆರೆದ ಪಿಎಚ್‌ಪಿಮೈಅಡ್ಮಿನ್ ನೀವು ವರ್ಡ್‌ಪ್ರೆಸ್ಸಿಗೆಂದು ಸೃಷ್ಟಿಸಿದ ಬಳಕೆದಾರನ ಹೆಸರಿನಲ್ಲಿ ಒಳಹೋಗುವುದಿಲ್ಲ. ನಿಮ್ಮ ಹೋಸ್ಟಿಂಗ್ ಖಾತೆಯ ಹಕ್ಕಿನ ಮೇಲೆ ಹೋಗುತ್ತದೆ. ಆದ್ದರಿಂದ ಸರ್ವರ್ ಜೀವಂತವಾಗಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಹಾಗೆಯೇ ಮನೆಯ ಲ್ಯಾಪ್‌ಟಾಪಿನಿಂದ ಪರೀಕ್ಷಿಸಿ ಬಂದ ಫಲಿತಾಂಶವೂ ಉಪಯೋಗಕ್ಕೆ ಬರುವುದಿಲ್ಲ. ಜಾಲತಾಣ ಯಾವ ಯಂತ್ರದಲ್ಲಿ ಇರುತ್ತದೆಯೋ ಅಲ್ಲಿಂದಲೇ ಕೇಳಬೇಕು.

ಹೀಗೆ ಕೇಳಿದಾಗ ಉತ್ತರದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿಯನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಮೈಎಸ್‌ಕ್ಯೂಎಲ್‌ನಲ್ಲಿ 2000ದಿಂದ ಆರಂಭವಾಗುವ ದೋಷಸಂಖ್ಯೆಗಳು ಕ್ಲೈಂಟಿನವು, ಅಂದರೆ ನಮ್ಮ ಬದಿಯ ತಂತ್ರಾಂಶವೇ ಹೇಳುತ್ತಿರುವ ಮಾತು. 1000ದಿಂದ ಆರಂಭವಾಗುವವು ಸರ್ವರ್ ಕಳುಹಿಸಿದ ಉತ್ತರ. 2002 ಅಥವಾ 2003 ಬಂದಿದ್ದರೆ ಸರ್ವರಿನಿಂದ ಉತ್ತರವೇ ಬಂದಿಲ್ಲವೆಂದು ಅರ್ಥ. ನಿಮ್ಮ ಪಾಸ್‌ವರ್ಡನ್ನು ಇನ್ನೂ ಯಾರೂ ನೋಡಿಯೇ ಇಲ್ಲ, ಅದನ್ನು ಮುಟ್ಟಬೇಡಿ. 1045 ಬಂದಿದ್ದರೆ ಸರ್ವರ್ ಸಿಕ್ಕಿದೆ, ಮಾತಾಡಿದೆ, ನಿರಾಕರಿಸಿದೆ. ಹಾಗಿರುವಾಗ ಫೈರ್‌ವಾಲ್ (ಜಾಲದ ತಡೆಗೋಡೆ), ಪೋರ್ಟ್ (ಸರ್ವರ್ ಕಿವಿಗೊಡುವ ಬಾಗಿಲಿನ ಸಂಖ್ಯೆ) ಎಂದು ಹುಡುಕುತ್ತ ಹೋಗುವುದು ಬಹುಮಟ್ಟಿಗೆ ವ್ಯರ್ಥ.

ಮೊದಲು 2000ದ ಕಡೆಯ ತೊಂದರೆಗಳು. ಇವುಗಳಲ್ಲಿ ಅತ್ಯಂತ ಮೋಸಗೊಳಿಸುವಂಥದ್ದು ‘ಲೋಕಲ್‌ಹೋಸ್ಟ್’, ಅಂದರೆ ‘ಇದೇ ಯಂತ್ರ’ ಎಂಬ ಹೆಸರು. ಲೋಕಲ್‌ಹೋಸ್ಟ್ ಎಂದರೂ 127.0.0.1 ಎಂದರೂ ಒಂದೇ ಎಂದು ಎಲ್ಲ ಪಾಠಗಳೂ ಕಲಿಸುತ್ತವೆ, ಮತ್ತು ಜಾಲದ ಮಟ್ಟಿಗೆ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟುಗಳೂ ಪಿಎಚ್‌ಪಿಯೂ ಲೋಕಲ್‌ಹೋಸ್ಟ್ ಎಂಬ ಹೆಸರನ್ನು ಕಂಡ ತಕ್ಷಣ ಜಾಲದ ಮಾರ್ಗವನ್ನೇ ಬಿಟ್ಟು, ಸಾಕೆಟ್ ಎಂಬ ವಿಶೇಷ ಕಡತದ ಮೂಲಕ ಸರ್ವರನ್ನು ಹುಡುಕುತ್ತವೆ. 127.0.0.1 ಎಂದು ಬರೆದರೆ ಮಾತ್ರ 3306 ಪೋರ್ಟಿನ ಮೂಲಕ ಜಾಲದ ದಾರಿಯಲ್ಲಿ ಹೋಗುತ್ತವೆ. ಆ ಸಾಕೆಟ್ ಕಡತ ಉಬುಂಟುವಿನಲ್ಲಿ ಒಂದು ಫೋಲ್ಡರಿನಲ್ಲಿ, ರೆಡ್‌ಹ್ಯಾಟ್ ಪರಂಪರೆಯ ಲಿನಕ್ಸ್‌ಗಳಲ್ಲಿ ಇನ್ನೊಂದರಲ್ಲಿ ಇರುತ್ತದೆ. ಪಿಎಚ್‌ಪಿ ಒಂದು ಜಾಗದಲ್ಲಿ ಹುಡುಕಿ ಸರ್ವರ್ ಇನ್ನೊಂದು ಜಾಗದಲ್ಲಿ ಇಟ್ಟಿದ್ದರೆ 2002ರ ಜೊತೆಗೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ವಿಚಿತ್ರವಾದ ಮಾತು ಬರುತ್ತದೆ. ಡೇಟಾಬೇಸ್ ಕೇಳಿದರೆ ಕಡತ ಇಲ್ಲವೆನ್ನುತ್ತಿದೆಯಲ್ಲ ಎಂದು ಗಾಬರಿಯಾಗಬೇಕಿಲ್ಲ. ಅದು ಹೇಳುತ್ತಿರುವುದು ಈ ಸಾಕೆಟ್ ಕಡತದ ವಿಚಾರವನ್ನೇ. ಹೋಸ್ಟಿನ ಜಾಗದಲ್ಲಿ 127.0.0.1 ಎಂದು ಬರೆದು ನೋಡುವುದು ಇದಕ್ಕೆ ಸರಳ ಪರೀಕ್ಷೆ. ಹಾಗೆ ಮಾಡಿದಾಗ ಸಂಪರ್ಕ ಏರ್ಪಟ್ಟರೆ ಸರ್ವರ್ ಸರಿಯಿದೆ, ಸಾಕೆಟಿನ ವಿಳಾಸ ಮಾತ್ರ ತಪ್ಪಿದೆ ಎಂದಾಯಿತು.

ಇದರದೇ ಇನ್ನೊಂದು ರೂಪವಿದೆ. ಒಂದೇ ಯಂತ್ರದಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳನ್ನಿಟ್ಟುಕೊಂಡು ಎರಡನೆಯದನ್ನು 3307ರಲ್ಲಿ ನಡೆಸುವವರು ಹೋಸ್ಟಿನ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು ಮುಂದೆ 3307 ಸೇರಿಸುತ್ತಾರೆ. ಸಾಕೆಟಿಗೆ ಪೋರ್ಟ್ ಎಂಬುದೇ ಇಲ್ಲದ ಕಾರಣ ಪಿಎಚ್‌ಪಿ ಆ ಸಂಖ್ಯೆಯನ್ನು ಸದ್ದಿಲ್ಲದೆ ಕೈಬಿಟ್ಟು ಮೊದಲನೆಯ ಸರ್ವರಿಗೇ ಹೋಗುತ್ತದೆ, ಅಲ್ಲಿ ಆ ಬಳಕೆದಾರ ಇರುವುದಿಲ್ಲವಾದ್ದರಿಂದ 1045 ಬರುತ್ತದೆ. ಸರ್ವರ್ ಉತ್ತರಿಸಿದೆ ಎಂಬುದು ನಿಜವೇ, ಆದರೆ ಉತ್ತರಿಸಿದ್ದು ಬೇರೆ ಸರ್ವರ್. ಪೋರ್ಟ್ ಮುಖ್ಯವಾಗಿರುವ ಎಲ್ಲ ಕಡೆ 127.0.0.1 ಎಂದೇ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಮ್ಯಾಕ್‌ನಲ್ಲಿ ಮ್ಯಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಒಟ್ಟಿಗೆ ಬರುವ ತಂತ್ರಾಂಶ) ಬಳಸುವವರು ಅದರ ಮೈಎಸ್‌ಕ್ಯೂಎಲ್ ಮೂಲ ಹೊಂದಿಕೆಯಲ್ಲಿ 8889ರಲ್ಲಿ ಇರುತ್ತದೆ ಎಂಬುದನ್ನೂ ನೆನಪಿಡಬೇಕು.

ಸರ್ವರೇ ನಿಂತುಹೋಗಿರುವ ಸಾಧ್ಯತೆ ಇನ್ನಷ್ಟು ಸಾಮಾನ್ಯ. ಅರ್ಧ ಅಥವಾ ಒಂದು ಜಿಬಿ ಮೆಮೊರಿಯ ಅಗ್ಗದ ವರ್ಚುವಲ್ ಸರ್ವರಿನಲ್ಲಿ ಡೇಟಾಬೇಸ್, ವೆಬ್ ಸರ್ವರ್, ಪಿಎಚ್‌ಪಿ ಮೂರನ್ನೂ ಕೂರಿಸಿದಾಗ ಮೆಮೊರಿ ಸಾಲದೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಯಾವುದಾದರೂ ಒಂದು ಪ್ರಕ್ರಿಯೆಯನ್ನು ಕೊಲ್ಲಬೇಕಾಗುತ್ತದೆ, ಮತ್ತು ಹೆಚ್ಚು ಮೆಮೊರಿ ಹಿಡಿದಿರುವ ಕಾರಣಕ್ಕೆ ಡೇಟಾಬೇಸ್ ಸರ್ವರೇ ಅದಕ್ಕೆ ಬಲಿಯಾಗುತ್ತದೆ. ಇಂಥಲ್ಲಿ ಸೇವೆಯನ್ನು ಮತ್ತೆ ಆರಂಭಿಸಿದರೆ ತಾಣ ಸರಿಯಾಗುತ್ತದೆ, ಕೆಲವು ಗಂಟೆಗಳ ಬಳಿಕ ಮತ್ತೆ ಬೀಳುತ್ತದೆ. ಕರ್ನೆಲ್ಲಿನ ದಾಖಲೆಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಮಾತಿದೆಯೇ ಎಂದು ನೋಡಿದರೆ ಇದು ಖಚಿತವಾಗುತ್ತದೆ. ಮೆಮೊರಿ ಸಾಲದಾಗ ಡಿಸ್ಕನ್ನು ಬಳಸಿಕೊಳ್ಳುವ ಸ್ವಾಪ್ ಕಡತವೊಂದನ್ನು ಸೇರಿಸುವುದು ತಾತ್ಕಾಲಿಕ ಪರಿಹಾರ. ಏಕಕಾಲಕ್ಕೆ ಓಡುವ ಪಿಎಚ್‌ಪಿ ಪ್ರಕ್ರಿಯೆಗಳ ಸಂಖ್ಯೆಯನ್ನು ತಗ್ಗಿಸುವುದು ಅದಕ್ಕಿಂತ ಒಳ್ಳೆಯದು. ಇನ್ನೊಂದು ಕಾರಣ ಡಿಸ್ಕ್ ತುಂಬಿರುವುದು. ಜಾಗವಿಲ್ಲದಿದ್ದರೆ ಸರ್ವರ್ ಆರಂಭವಾಗಲು ನಿರಾಕರಿಸುವುದುಂಟು, ಮತ್ತು ಅದರ ದೋಷದಾಖಲೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿರುತ್ತದೆ. ಆ ದಾಖಲೆಯನ್ನು ತೆರೆದು ನೋಡದೆ ಇಡೀ ಮೈಎಸ್‌ಕ್ಯೂಎಲ್ ಅನ್ನು ಅಳಿಸಿ ಹೊಸದಾಗಿ ಹಾಕುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ, ಪುಟ ವಿಫಲವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಮನಿಸಬೇಕು. ತಕ್ಷಣವೇ ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ, ಅಂದರೆ ಲಿನಕ್ಸಿನ 111 ಎಂಬ ಸಂಖ್ಯೆ ಜೊತೆಗಿದ್ದರೆ, ಆ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಉಬುಂಟುವಿನ ಮೈಎಸ್‌ಕ್ಯೂಎಲ್ ಮೂಲ ಹೊಂದಿಕೆಯಲ್ಲಿ ‘ಬೈಂಡ್-ಅಡ್ರೆಸ್’ 127.0.0.1 ಎಂದಿರುವುದರಿಂದ ಹೊರಗಿನವರಿಗೆ ಅದು ಕಿವಿಗೊಡುವುದಿಲ್ಲ. ಬಹುಮಟ್ಟಿಗೆ ಕಾರಣ ಅದೇ ಆಗಿರುತ್ತದೆ. ಪುಟ ಬಹಳ ಹೊತ್ತು ತಿರುಗುತ್ತಲೇ ಇದ್ದು ಕೊನೆಗೆ ಸಮಯ ಮೀರಿತೆಂದು ಹೇಳಿದರೆ ನಡುವೆ ಫೈರ್‌ವಾಲ್ ದತ್ತಾಂಶದ ಪೊಟ್ಟಣಗಳನ್ನು ನುಂಗುತ್ತಿದೆ ಎಂದು ತಿಳಿಯಬಹುದು. 13 ಎಂಬ ಸಂಖ್ಯೆಯೊಂದಿಗೆ ‘ಪರ್ಮಿಷನ್ ಡಿನೈಡ್’ ಬಂದರೆ, ಮತ್ತು ಯಂತ್ರ ರೆಡ್‌ಹ್ಯಾಟ್ ಪರಂಪರೆಯದಾದರೆ, ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಅಡ್ಡಬಂದಿದೆ. ಟರ್ಮಿನಲ್ಲಿನಿಂದ ಸಂಪರ್ಕ ಸಾಧ್ಯವಾಗಿ ಜಾಲತಾಣದಿಂದ ಮಾತ್ರ ಆಗದಿರುವುದು ಇದರ ಗುರುತು. ವೆಬ್ ಸರ್ವರಿಗೆ ಡೇಟಾಬೇಸಿನತ್ತ ಜಾಲಸಂಪರ್ಕ ಮಾಡಲು ಅನುಮತಿ ಕೊಡುವ ಪ್ರತ್ಯೇಕ ಹೊಂದಿಕೆಯೊಂದು ಎಸ್‌ಇಲಿನಕ್ಸ್‌ನಲ್ಲಿದ್ದು, ಅದು ಮೂಲದಲ್ಲಿ ಮುಚ್ಚಿರುತ್ತದೆ. ಅದನ್ನೊಂದನ್ನು ತೆರೆದರೆ ಸಾಕಾಗುವ ಕಡೆ ಇಡೀ ಎಸ್‌ಇಲಿನಕ್ಸನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರ ಮಾತನ್ನು ನಾನು ಕೇಳುವುದಿಲ್ಲ.

ತಂತ್ರಾಂಶಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್ ಬಳಸುವವರ ಮಟ್ಟಿಗೆ ಎರಡು ಮಾತು ಸಾಕು. ಕಂಟೇನರಿನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಹೊರತು ಪಕ್ಕದ ಡೇಟಾಬೇಸ್ ಕಂಟೇನರ್ ಅಲ್ಲ. ಹೋಸ್ಟಿನ ಜಾಗದಲ್ಲಿ, ಕಂಟೇನರುಗಳನ್ನು ವಿವರಿಸುವ ಕಾಂಪೋಸ್ ಕಡತದಲ್ಲಿರುವ ಸೇವೆಯ ಹೆಸರನ್ನು ಬರೆಯಬೇಕು. ಎರಡನೆಯದಾಗಿ, ಕಾಂಪೋಸ್ ಕಡತದಲ್ಲಿ ಬರೆದ ಡೇಟಾಬೇಸ್ ಪಾಸ್‌ವರ್ಡ್ ಜಾರಿಗೆ ಬರುವುದು ದತ್ತಾಂಶ ಉಳಿಯುವ ಜಾಗವಾದ ವಾಲ್ಯೂಮ್ ಖಾಲಿಯಿರುವ ಮೊದಲ ಬಾರಿಗೆ ಮಾತ್ರ. ಆಮೇಲೆ ಅಲ್ಲಿ ಎಷ್ಟು ತಿದ್ದಿದರೂ ಒಳಗಿನ ಖಾತೆ ಹಳೆಯ ಪಾಸ್‌ವರ್ಡನ್ನೇ ಹಿಡಿದಿರುತ್ತದೆ.

ಇನ್ನು 1045. ‘ಆಕ್ಸೆಸ್ ಡಿನೈಡ್ ಫಾರ್ ಯೂಸರ್’ ಎಂದು ಆರಂಭವಾಗುವ ಈ ಸಾಲನ್ನು ಕೊನೆಯವರೆಗೆ ಓದುವವರು ಕಡಿಮೆ, ಆದರೆ ಅದರ ಪ್ರತಿಯೊಂದು ಭಾಗದಲ್ಲೂ ಸುಳಿವಿದೆ. ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ನೋ’ ಎಂದಿದ್ದರೆ ಪಾಸ್‌ವರ್ಡ್ ಸರ್ವರಿನವರೆಗೆ ಹೋಗಿಯೇ ಇಲ್ಲ, ತಂತ್ರಾಂಶ ಕಾನ್ಫಿಗ್ ಕಡತವನ್ನು ಓದುತ್ತಿಲ್ಲ ಅಥವಾ ಬೇರೆ ಕಡತವನ್ನು ಓದುತ್ತಿದೆ. ‘ಯೆಸ್’ ಎಂದಿದ್ದರೆ ಹೋಗಿದೆ, ಆದರೆ ಹೊಂದಿಲ್ಲ. ಸಾಲಿನ ಮಧ್ಯದಲ್ಲಿ ಬಳಕೆದಾರನ ಹೆಸರು ಹೇಗೆ ಅಚ್ಚಾಗಿದೆ ಎಂಬುದನ್ನು ಅಕ್ಷರಅಕ್ಷರವಾಗಿ ನೋಡಬೇಕು. ಸಿಪ್ಯಾನೆಲ್ ಇರುವ ಹೋಸ್ಟಿಂಗ್‌ಗಳಲ್ಲಿ ನೀವು ಕೊಟ್ಟ ಹೆಸರಿನ ಆರಂಭದಲ್ಲಿ ಸಾಮಾನ್ಯವಾಗಿ ನಿಮ್ಮ ಖಾತೆಯ ಹೆಸರೂ ಒಂದು ಅಡಿಗೆರೆಯೂ ಸೇರಿಕೊಳ್ಳುತ್ತವೆ. ವರ್ಡ್‌ಪ್ರೆಸ್ಸಿಗೆ ಆ ಪೂರ್ಣ ಹೆಸರನ್ನೇ ಕೊಡಬೇಕು. ಡೇಟಾಬೇಸಿನ ಹೆಸರಿಗೂ ಇದೇ ನಿಯಮ.

ಬಳಕೆದಾರನ ಹೆಸರಿನ ನಂತರ, ಅಟ್ ಚಿಹ್ನೆಯ ಮುಂದೆ ಬರುವ ಹೋಸ್ಟಿನ ಹೆಸರು ಇನ್ನೂ ಮುಖ್ಯವಾದದ್ದು. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಹೆಸರು ಮಾತ್ರವಲ್ಲ, ಹೆಸರು ಮತ್ತು ಎಲ್ಲಿಂದ ಬರುತ್ತಿದ್ದಾರೆ ಎಂಬುದರ ಜೋಡಿ. ಲೋಕಲ್‌ಹೋಸ್ಟಿನಿಂದ ಬರುವ ‘ಬ್ಲಾಗ್’ ಎಂಬ ಬಳಕೆದಾರನೂ, ಎಲ್ಲಿಂದಲಾದರೂ ಬರಬಹುದಾದ, ಅಂದರೆ ಹೋಸ್ಟಿನ ಜಾಗದಲ್ಲಿ ಶೇಕಡಾ ಚಿಹ್ನೆ ಇರುವ ‘ಬ್ಲಾಗ್’ ಎಂಬ ಬಳಕೆದಾರನೂ ಸರ್ವರಿನ ದೃಷ್ಟಿಯಲ್ಲಿ ಇಬ್ಬರು. ಅವರ ಪಾಸ್‌ವರ್ಡುಗಳೂ ಹಕ್ಕುಗಳೂ ಬೇರೆ ಇರಬಹುದು. ಒಬ್ಬನ ಪಾಸ್‌ವರ್ಡನ್ನು ಬದಲಾಯಿಸಿ ಇನ್ನೊಬ್ಬನ ಹೆಸರಿನಲ್ಲಿ ಒಳಹೋಗಲು ಯತ್ನಿಸುವುದು ಹೀಗೆಯೇ ಸಂಭವಿಸುತ್ತದೆ. ಹಳೆಯ ಅನುಸ್ಥಾಪನೆಗಳಲ್ಲಿ ಇದಕ್ಕೊಂದು ವಿಚಿತ್ರ ಉಪಕಥೆಯೂ ಇದೆ. ಅಲ್ಲಿ ಲೋಕಲ್‌ಹೋಸ್ಟಿಗೆ ಹೆಸರೇ ಇಲ್ಲದ ಅನಾಮಧೇಯ ಖಾತೆಯೊಂದು ಇರುತ್ತಿತ್ತು. ಸರ್ವರ್ ಖಾತೆಗಳನ್ನು ಹೊಂದಿಸಿ ನೋಡುವಾಗ ಹೆಚ್ಚು ನಿರ್ದಿಷ್ಟವಾದ ಹೋಸ್ಟನ್ನು ಮೊದಲು ಪರಿಗಣಿಸುವುದರಿಂದ, ಶೇಕಡಾ ಚಿಹ್ನೆಯ ‘ಬ್ಲಾಗ್’ಗಿಂತ ಲೋಕಲ್‌ಹೋಸ್ಟಿನ ಅನಾಮಧೇಯನೇ ಮುಂದೆ ಬಂದು, ಸರಿಯಾದ ಹೆಸರು ಮತ್ತು ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೂ 1045 ಸಿಗುತ್ತಿತ್ತು. ಆ ಖಾತೆಯನ್ನು ಅಳಿಸಿದರೆ ತೊಂದರೆ ಮಾಯವಾಗುತ್ತಿತ್ತು. ಮೈಎಸ್‌ಕ್ಯೂಎಲ್ ಜೊತೆಗೆ ಬರುವ ಭದ್ರತಾ ಸ್ಕ್ರಿಪ್ಟ್ ಅದನ್ನೂ ಕೇಳಿ ಅಳಿಸುತ್ತದೆ.

ಪಾಸ್‌ವರ್ಡೇ ನಿಜವಾಗಿ ಕೆಟ್ಟಿರುವ ಸಂದರ್ಭಗಳಲ್ಲಿ ಹೆಚ್ಚಿನವು ಚಿಹ್ನೆಗಳಿಂದ ಆದವು. ಪಿಎಚ್‌ಪಿಯಲ್ಲಿ ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ಡಾಲರ್ ಬಂದರೆ ಅದರ ಮುಂದಿನ ಅಕ್ಷರಗಳನ್ನು ಚರಾಕ್ಷರದ (ವೇರಿಯಬಲ್) ಹೆಸರೆಂದು ತಿಳಿದು ಅಲ್ಲಿ ಖಾಲಿ ಜಾಗ ಬಿಡುತ್ತದೆ. ಒಂಟಿ ಉದ್ಧರಣ ಚಿಹ್ನೆಗಳ ಒಳಗೆ ಹಾಗಾಗುವುದಿಲ್ಲ, ವರ್ಡ್‌ಪ್ರೆಸ್ಸಿನ ಮಾದರಿ ಕಡತದಲ್ಲಿ ಇರುವುದೂ ಅವೇ. ಆದರೆ ಪಾಸ್‌ವರ್ಡಿನೊಳಗೇ ಒಂಟಿ ಉದ್ಧರಣ ಚಿಹ್ನೆ ಇದ್ದರೆ ಅದಕ್ಕಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಬೇಕು. ಬ್ರೌಸರಿನಲ್ಲಿ ವಿವರ ತುಂಬುವ ಪುಟ ಇದನ್ನು ತಾನೇ ಮಾಡಿಕೊಳ್ಳುತ್ತದೆ, ಕಡತವನ್ನು ಕೈಯಾರೆ ತಿದ್ದುವವರಷ್ಟೇ ಎಚ್ಚರ ವಹಿಸಬೇಕು. ಲಾರವೆಲ್ ಮುಂತಾದ ಪಿಎಚ್‌ಪಿ ಚೌಕಟ್ಟುಗಳ ‘ಎನ್ವ್’ ಎಂಬ ಹೊಂದಿಕೆ ಕಡತದಲ್ಲಿ ಉದ್ಧರಣ ಚಿಹ್ನೆಗಳಿಲ್ಲದೆ ಬರೆದ ಪಾಸ್‌ವರ್ಡಿನಲ್ಲಿ ಹ್ಯಾಶ್ ಚಿಹ್ನೆ ಬಂದರೆ ಅಲ್ಲಿಂದ ಮುಂದಿನದು ಟಿಪ್ಪಣಿಯೆಂದು ಕತ್ತರಿಸಿಹೋಗುತ್ತದೆ. ಇಷ್ಟೆಲ್ಲ ನೆನಪಿಡುವ ಬದಲು ಅಕ್ಷರ ಮತ್ತು ಅಂಕಿಗಳಷ್ಟೇ ಇರುವ ಮೂವತ್ತು ಅಕ್ಷರದ ಪಾಸ್‌ವರ್ಡನ್ನು ಸೃಷ್ಟಿಸಿಕೊಳ್ಳುವುದು ಜಾಣತನ. ಮನುಷ್ಯರು ಟೈಪ್ ಮಾಡಬೇಕಿಲ್ಲದ ಪಾಸ್‌ವರ್ಡಿಗೆ ಉದ್ದವೇ ಬಲ. ಮಿಂಚಂಚೆಯಿಂದ ನಕಲು ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬಂದಿದೆಯೇ ಎಂದು ನೋಡುವುದನ್ನಂತೂ ಮರೆಯಬಾರದು.

ಎಲ್ಲ ಹಕ್ಕುಗಳೂ ಇರುವ ರೂಟ್ ಖಾತೆಯ ವಿಷಯ ಬೇರೆ. ಉಬುಂಟುವಿನಲ್ಲಿ ಡೇಟಾಬೇಸ್ ಸರ್ವರ್ ರೂಟ್‌ಗೆ ಪಾಸ್‌ವರ್ಡನ್ನು ಕೇಳುವುದೇ ಇಲ್ಲ. ಯಂತ್ರದ ರೂಟ್ ಬಳಕೆದಾರನೇ ಸಾಕೆಟ್ ಮೂಲಕ ಬಂದಿದ್ದಾನೆಯೇ ಎಂದಷ್ಟೇ ನೋಡುತ್ತದೆ. ಹೀಗಾಗಿ ವರ್ಡ್‌ಪ್ರೆಸ್ಸಿನಲ್ಲಿ ರೂಟ್ ಎಂದು ತುಂಬಿದವರಿಗೆ 1698 ಎಂಬ ಸಂಖ್ಯೆ ಬರುತ್ತದೆ. ಇದನ್ನು ದಾಟುವ ಉಪಾಯಗಳಿವೆ, ಆದರೆ ಜಾಲತಾಣಕ್ಕೆ ರೂಟ್ ಖಾತೆಯನ್ನು ಕೊಡುವುದೇ ತಪ್ಪಾದ್ದರಿಂದ ಅವನ್ನು ಹುಡುಕುವ ಅಗತ್ಯವಿಲ್ಲ. ತಾಣಕ್ಕೊಂದು ಡೇಟಾಬೇಸ್, ಅದಕ್ಕೊಬ್ಬ ಬಳಕೆದಾರ, ಅವನಿಗೆ ಅದೊಂದರ ಮೇಲೆ ಮಾತ್ರ ಹಕ್ಕು.

ಆ ಬಳಕೆದಾರನನ್ನು ಸೃಷ್ಟಿಸುವಾಗ ಹಳೆಯ ಪಾಠಗಳು ದಾರಿ ತಪ್ಪಿಸುತ್ತವೆ. ಹಕ್ಕು ಕೊಡುವ ‘ಗ್ರಾಂಟ್’ ಆಜ್ಞೆಯಲ್ಲಿಯೇ ಪಾಸ್‌ವರ್ಡನ್ನೂ ಸೇರಿಸಿ ಒಂದೇ ಸಾಲಿನಲ್ಲಿ ಖಾತೆ ತೆರೆಯುವ ಪದ್ಧತಿ ಬಹುಕಾಲ ನಡೆದಿತ್ತು. 2018ರ ಏಪ್ರಿಲ್‌ನಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಅದನ್ನು ತೆಗೆದುಹಾಕಿತು. ಈಗ ಮೊದಲು ‘ಕ್ರಿಯೇಟ್ ಯೂಸರ್’, ಆಮೇಲೆ ಗ್ರಾಂಟ್. ಹಳೆಯ ಸಾಲನ್ನು ಅಂಟಿಸಿದರೆ ವ್ಯಾಕರಣದೋಷವೆಂದು 1064 ಬರುತ್ತದೆ, ಅದನ್ನು ಗಮನಿಸದೆ ಮುಂದೆ ಹೋದವರಿಗೆ ವರ್ಡ್‌ಪ್ರೆಸ್ಸಿನಲ್ಲಿ 1045. ಮರಿಯಾಡಿಬಿಯಲ್ಲಿ ಹಳೆಯ ಸಾಲು ಈಗಲೂ ನಡೆಯುತ್ತದೆ, ಆದ್ದರಿಂದ ಗೆಳೆಯರ ಸರ್ವರಿನಲ್ಲಿ ಸರಿಯಾದದ್ದು ನಿಮ್ಮಲ್ಲಿ ಏಕಾಗುತ್ತಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಗ್ರಾಂಟ್ ಆದ ಮೇಲೆ ಪ್ರತಿ ಪಾಠದಲ್ಲೂ ಕಾಣುವ ‘ಫ್ಲಷ್ ಪ್ರಿವಿಲಿಜಸ್’ ಎಂಬ ಸಾಲಿನ ಅಗತ್ಯವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ; ಹಕ್ಕುಗಳ ಕೋಷ್ಟಕಗಳನ್ನು ನೇರವಾಗಿ ತಿದ್ದಿದವರಿಗೆ ಮಾತ್ರ ಅದು ಬೇಕು.

ಅದೇ 8.0 ಆವೃತ್ತಿ ಪಾಸ್‌ವರ್ಡ್ ಪರೀಕ್ಷಿಸುವ ಮೂಲ ವಿಧಾನವನ್ನೂ ಬದಲಾಯಿಸಿತು. ಪಿಎಚ್‌ಪಿ ಈ ಹೊಸ ವಿಧಾನವನ್ನು ಸರಿಯಾಗಿ ಕಲಿತದ್ದು 2019ರ ನವೆಂಬರ್‌ನಲ್ಲಿ ಬಂದ 7.4ರಲ್ಲಿ. ಹಳೆಯ ಪಿಎಚ್‌ಪಿಯನ್ನು ಹೊಸ ಮೈಎಸ್‌ಕ್ಯೂಎಲ್ ಜೊತೆ ಕೂಡಿಸಿದರೆ ಸರ್ವರ್ ಕೇಳಿದ ದೃಢೀಕರಣ ವಿಧಾನ ತನಗೆ ಗೊತ್ತಿಲ್ಲ ಎಂದು ಕ್ಲೈಂಟ್ 2054 ಸಂಖ್ಯೆಯಲ್ಲಿ ದೂರುತ್ತದೆ. ಸಂಖ್ಯೆ 2000ದ ಕಡೆಯದಾದರೂ ಇಲ್ಲಿ ಸರ್ವರ್ ಸಿಕ್ಕಿರುತ್ತದೆ. ಮೇಲೆ ಹೇಳಿದ ವಿಂಗಡಣೆಗೆ ಇದೊಂದು ಅಪವಾದ. ಖಾತೆಯನ್ನು ಹಳೆಯ ವಿಧಾನಕ್ಕೆ ಇಳಿಸಿ ಎಂಬುದು ಆಗ ಎಲ್ಲೆಡೆ ಸಿಗುತ್ತಿದ್ದ ಪರಿಹಾರ. ಈಗ ಅದನ್ನು ಅನುಸರಿಸಬಾರದು: 2024ರ ಮೈಎಸ್‌ಕ್ಯೂಎಲ್ 8.4ರಲ್ಲಿ ಹಳೆಯ ವಿಧಾನ ಮೂಲದಲ್ಲಿ ಮುಚ್ಚಿದೆ, ಅದೇ ವರ್ಷದ 9.0ರಲ್ಲಿ ಅದು ಇಲ್ಲವೇ ಇಲ್ಲ. ಪಿಎಚ್‌ಪಿಯನ್ನು ಮೇಲೇರಿಸುವುದೊಂದೇ ದಾರಿ.

1049 ಮತ್ತು 1044 ಸುಲಭದವು. ಮೊದಲನೆಯದು ಡೇಟಾಬೇಸ್ ಇಲ್ಲ ಎನ್ನುತ್ತದೆ, ಎರಡನೆಯದು ಹಕ್ಕಿಲ್ಲ ಎನ್ನುತ್ತದೆ. ಆದರೆ ಹಕ್ಕಿಲ್ಲದವರಿಗೆ ಡೇಟಾಬೇಸ್ ಇದೆಯೋ ಇಲ್ಲವೋ ಎಂಬುದನ್ನೂ ಸರ್ವರ್ ಬಿಟ್ಟುಕೊಡದೆ 1044 ಎಂದೇ ಹೇಳುವುದರಿಂದ, ಆ ಸಂಖ್ಯೆ ಬಂದಾಗ ಹೆಸರಿನ ಕಾಗುಣಿತವನ್ನೂ ನೋಡಬೇಕು. ಲಿನಕ್ಸಿನಲ್ಲಿ ಡೇಟಾಬೇಸಿನ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳೂ ಲೆಕ್ಕಕ್ಕೆ ಬರುತ್ತವೆ. ಸಿಪ್ಯಾನೆಲ್‌ನಲ್ಲಿ ಡೇಟಾಬೇಸನ್ನು ತೆರೆದು, ಬಳಕೆದಾರನನ್ನು ತೆರೆದು, ಅವನನ್ನು ಡೇಟಾಬೇಸಿಗೆ ಸೇರಿಸುವ ಮೂರನೆಯ ಹೆಜ್ಜೆಯನ್ನು ಬಿಟ್ಟಿರುವುದೇ ಇಲ್ಲಿನ ಸಾಮಾನ್ಯ ಕಾರಣ.

ಸಂಪರ್ಕ ಏರ್ಪಟ್ಟ ಮೇಲೂ ಕನ್ನಡ ತಾಣಗಳಿಗೆ ಉಳಿಯುವ ಒಂದು ಸಂಗತಿ ಆ ಸಂಪರ್ಕದ ಅಕ್ಷರಸಂಕೇತ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ (ಅಕ್ಷರ, ಸ್ವರಚಿಹ್ನೆಯಂಥ ಬಿಡಿ ಘಟಕ) ಮೂರು ಬೈಟ್ ತೆಗೆದುಕೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಬಹುಕಾಲ ‘ಯುಟಿಎಫ್8’ ಎಂದು ಕರೆಯಲಾಗುತ್ತಿದ್ದದ್ದು ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತಿತ್ತು. ಅದರಲ್ಲಿ ಕನ್ನಡ ಕೂರುತ್ತಿತ್ತು, ನಾಲ್ಕು ಬೈಟಿನ ಎಮೋಜಿಗಳು ಕೂರುತ್ತಿರಲಿಲ್ಲ. 2015ರಲ್ಲಿ ಬಂದ ವರ್ಡ್‌ಪ್ರೆಸ್ 4.2ರಿಂದ ಹೊಸ ತಾಣಗಳು ಸರ್ವರ್ ಒಪ್ಪುವ ಕಡೆ ನಾಲ್ಕು ಬೈಟಿನ ‘ಯುಟಿಎಫ್8ಎಂಬಿ4’ ಬಳಸುತ್ತವೆ, ಹಾಗಾಗಿ ಹೊಸದಾಗಿ ಹಾಕುವವರು ಆ ಸಾಲನ್ನು ಮುಟ್ಟಬೇಕಿಲ್ಲ. ಹಳೆಯ ತಾಣವನ್ನು ಸ್ಥಳಾಂತರಿಸುವವರಿಗೆ ಮಾತ್ರ ಅಪಾಯ. ಸ್ಥಳಾಂತರದ ನಂತರ ಲೇಖನಗಳಲ್ಲಿ ಲ್ಯಾಟಿನ್ ಅಕ್ಷರಗಳ ಗೋಜಲು ಕಾಣಿಸಿದರೆ ಮೂಲ ಬೈಟುಗಳು ಬಹುಮಟ್ಟಿಗೆ ಒಳಗಿರುತ್ತವೆ, ಸಂಕೇತವನ್ನು ಸರಿಪಡಿಸಿ ಅವನ್ನು ಮರಳಿ ಪಡೆಯಬಹುದು. ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿದರೆ, ಮತ್ತು ಡೇಟಾಬೇಸಿನೊಳಗೂ ಅವೇ ಇದ್ದರೆ, ಆ ಬರಹ ಹೋಯಿತೆಂದೇ ಲೆಕ್ಕ. ಹಳೆಯ ಸರ್ವರಿನ ಪ್ರತಿಯೊಂದೇ ಗತಿ. ಆದ್ದರಿಂದ ಹೊಸ ತಾಣದಲ್ಲಿ ಕನ್ನಡ ಸರಿಯಾಗಿ ಕಾಣುವವರೆಗೆ ಹಳೆಯ ಹೋಸ್ಟಿಂಗನ್ನು ರದ್ದು ಮಾಡಬಾರದು.

ಅನುಸ್ಥಾಪನೆಯ ಬಳಿಕ, ಚೆನ್ನಾಗಿ ನಡೆಯುತ್ತಿದ್ದ ತಾಣದಲ್ಲಿ ಒಮ್ಮೊಮ್ಮೆ ಮಾತ್ರ ಅದೇ ಬಿಳಿಯ ಪುಟ ಕಂಡುಬಂದರೆ ಸಂಖ್ಯೆ 1040 ಆಗಿರುವ ಸಾಧ್ಯತೆ ಇದೆ. ಮೈಎಸ್‌ಕ್ಯೂಎಲ್ ಮೂಲ ಹೊಂದಿಕೆಯಲ್ಲಿ ಏಕಕಾಲಕ್ಕೆ 151 ಸಂಪರ್ಕಗಳನ್ನಷ್ಟೇ ಕೊಡುತ್ತದೆ. ಆ ಮಿತಿಯನ್ನು ಏರಿಸುವ ಮೊದಲು ಅಷ್ಟು ಸಂಪರ್ಕಗಳನ್ನು ಹಿಡಿದಿಟ್ಟಿರುವ, ಡೇಟಾಬೇಸಿಗೆ ಹೋಗುವ ನಿಧಾನದ ಪ್ರಶ್ನೆಗಳು (ಕ್ವೆರಿಗಳು) ಯಾವುವೆಂದು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಯಾವುದೋ ಪ್ಲಗಿನ್ ಸಿಕ್ಕಿಬೀಳುತ್ತದೆ.

ಹೋಸ್ಟಿಂಗ್ ಕಂಪನಿಯ ಸಹಾಯವಾಣಿಗೆ ಬರೆಯಬೇಕಾಗಿ ಬಂದರೆ ದೋಷದ ಸಂಖ್ಯೆ, ಪೂರ್ಣ ಸಾಲು, ಅದು ಸಂಭವಿಸಿದ ಸಮಯ ಮತ್ತು ಬಳಸಿದ ಹೋಸ್ಟಿನ ಹೆಸರು, ಈ ನಾಲ್ಕನ್ನು ಮೊದಲ ಸಂದೇಶದಲ್ಲಿಯೇ ಕೊಟ್ಟರೆ ‘ಕ್ಯಾಶ್ ಕ್ಲಿಯರ್ ಮಾಡಿ ನೋಡಿ’ ಎಂಬ ಮೊದಲ ಸುತ್ತಿನ ಉತ್ತರ ತಪ್ಪುತ್ತದೆ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬಾರದು. ಅದನ್ನು ನೋಡದೆಯೂ ಅವರು ಪರೀಕ್ಷಿಸಬಲ್ಲರು.

ಕೊನೆಯದಾಗಿ, ಈ ಹುಡುಕಾಟ ನಡೆಯುತ್ತಿರುವಾಗ ತಾಣವನ್ನು ಅರ್ಧಕ್ಕೆ ಬಿಟ್ಟು ಮಲಗಲು ಹೋಗುವ ಅಪಾಯವನ್ನು ಹೇಳಲೇಬೇಕು. ಕಾನ್ಫಿಗ್ ಕಡತ ಇನ್ನೂ ಸೃಷ್ಟಿಯಾಗಿಲ್ಲದ ವರ್ಡ್‌ಪ್ರೆಸ್, ತನ್ನ ವಿಳಾಸಕ್ಕೆ ಬಂದ ಯಾರಿಗಾದರೂ ಡೇಟಾಬೇಸಿನ ವಿವರ ತುಂಬುವ ಪುಟವನ್ನು ತೋರಿಸುತ್ತದೆ. ಬಂದವರು ತಮ್ಮದೇ ಬೇರೆ ಕಡೆಯ ಡೇಟಾಬೇಸ್ ಸರ್ವರಿನ ವಿವರ ತುಂಬಿ, ನಿರ್ವಾಹಕರಾಗಿ ಒಳಹೋಗಿ, ನಿಮ್ಮ ಯಂತ್ರದಲ್ಲಿ ತಮಗೆ ಬೇಕಾದ ಪಿಎಚ್‌ಪಿ ಕಡತವನ್ನು ಓಡಿಸಬಹುದು. ಇಂಥ ದಾಳಿಗಳನ್ನು ಭದ್ರತಾ ಸಂಶೋಧಕರು 2017ರಲ್ಲಿಯೇ ವರದಿ ಮಾಡಿದ್ದಾರೆ. ಹೊಸ ತಾಣದ ವಿಳಾಸ ಯಾರಿಗೂ ತಿಳಿದಿಲ್ಲ ಎಂದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಪಡೆದ ಕೂಡಲೇ ಆ ಹೆಸರು ಎಲ್ಲರೂ ಓದಬಹುದಾದ ಸಾರ್ವಜನಿಕ ದಾಖಲೆಗಳಲ್ಲಿ ಸೇರಿಕೊಳ್ಳುತ್ತದೆ. ಸಂಪರ್ಕದ ದೋಷ ಬಗೆಹರಿಯುವವರೆಗೆ ವೆಬ್ ಸರ್ವರಿನಲ್ಲಿಯೇ ಆ ತಾಣಕ್ಕೆ ಒಂದು ಪಾಸ್‌ವರ್ಡ್ ತಡೆ ಹಾಕಿಡಿ, ಅಥವಾ ಕಡತಗಳನ್ನು ಸಾರ್ವಜನಿಕ ಫೋಲ್ಡರಿನಿಂದ ಹೊರಗೆ ಸರಿಸಿಡಿ. ಪರೀಕ್ಷೆಗೆಂದು ಬರೆದ ಪಿಎಚ್‌ಪಿ ಕಡತವನ್ನೂ ಕೆಲಸ ಮುಗಿದ ಕೂಡಲೇ ಅಳಿಸಿ, ಡಬ್ಲ್ಯೂಪಿ-ಡೀಬಗ್ ಹೊಂದಿಕೆಯನ್ನು ಮತ್ತೆ ‘ಫಾಲ್ಸ್’ ಮಾಡಿ.